ನಿಂಬೆಗಿಡದ ತಾರೀಖು

ಇಂಡಿ ಊರಿನ ನಮ್ಮ ಮನೆಯ ಕಟ್ಟೆ ಬೆಳಗಾಗುವುದರೊಳಗೇ ತುಂಬಿಬಿಡುತ್ತಿದ್ದ ಕಾಲವದು. ಅಪ್ಪ ವಕೀಲ. ತಾಂಬಾ, ಲಚ್ಯಾಣ, ಚಡಚಣದ ಕಡೆಯಿಂದ ಮೊದಲ ಬಸ್ಸಿಗೆ ಬಂದ ಕಕ್ಷಿದಾರರು ಬುತ್ತಿ ಬಿಚ್ಚಿ, ಕಟಕ ರೊಟ್ಟಿಗೆ ಶೇಂಗಾಹಿಂಡಿ ಹಚ್ಚಿಕೊಂಡು ತಿನ್ನುತ್ತ ಕೂತಿರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ತಾರೀಖು. ತಾರೀಖು ಬಿತ್ತು, ತಾರೀಖು ಮುಂದೆ ಹೋಯಿತು. ಕೇಳಿ ಕೇಳಿ ನಾನು ತಾರೀಖು ಅಂದರೆ ಬಹಳ ದೂರದ ಯಾವುದೋ ಊರು, ಅಲ್ಲಿಗೆ ಹೋಗುವ ಬಸ್ಸು ಸಿಗುವುದು ಕಷ್ಟ ಅಂದುಕೊಂಡಿದ್ದೆ.

ನಮ್ಮ ಹಿತ್ತಲ ಗೋಡೆಗೆ ಹತ್ತಿಕೊಂಡು ಒಂದು ನಿಂಬೆಗಿಡವಿತ್ತು. ಬೇರು ನಮ್ಮ ಕಡೆ, ಟೊಂಗೆಗಳೆಲ್ಲ ಆಚೆ ರಶೀದಾಳ ಅಂಗಳದ ಮೇಲೆ. ರಶೀದಾ ಸಾಲಿ ಮಾಸ್ತರರ ಮಗಳು, ನನ್ನ ಓರಗೆಯವಳು. ಕುಂಟಾಬಿಲ್ಲೆ ಆಡಲು ಅವಳಿಲ್ಲದೆ ನಾನಿಲ್ಲ. ನಾವು ಎಂಟು ವರ್ಷದವರಿದ್ದಾಗ ಒಂದು ಬೇಸಿಗೆ, ಆಚೆ ಉದುರಿದ ಹಣ್ಣು ಯಾರದೆಂದು ಜಗಳ ಹತ್ತಿತು. ಉಪ್ಪು ಖಾರ ಹಚ್ಚಿ ಚೀಪುವ ಹಣ್ಣು, ಸಣ್ಣ ಜಗಳವೇನಲ್ಲ. ಇಬ್ಬರೂ ಅಪ್ಪನ ಮುಂದೆ ಹೋಗಿ ನಿಂತೆವು. ಅಪ್ಪ ನಗಲಿಲ್ಲ. ಕರಿಕೋಟು ಹಾಕಿಕೊಂಡೇ ಇಬ್ಬರ ಮಾತೂ ಕೇಳಿದ, ಹೋಗಿ ಗಿಡ ನೋಡಿಬಂದ.

"ಬರೋ ಐತವಾರ ತಾರೀಖು. ಅಲ್ಲೀತನಕಾ ಹಣ್ಣು ಯಾರೂ ಮುಟ್ಟಬ್ಯಾಡ್ರಿ" ಎಂದ.

ಕೇಸು ಮುಗಿಯುವ ತನಕ ಎದುರು ಪಾರ್ಟಿಯ ಜೊತೆ ಮಾತಾಡಬೇಡಿ ಎಂದು ಅಪ್ಪ ಕಕ್ಷಿದಾರರಿಗೆ ದಿನಾ ಹೇಳುತ್ತಿದ್ದ. ಅದು ಕಾನೂನೇ ಇರಬೇಕೆಂದು ನಂಬಿ ರಶೀದಾಳಿಗೂ ಹೇಳಿದೆ. ಅವಳು ಒಪ್ಪಿದಳು. ನಾಲ್ಕು ದಿನದ ಮಾತು, ಅದರಲ್ಲೇನು.

ಆ ಐತವಾರ ಮನೆ ಮುಂದೆ ಮೂರು ಜೀಪು ಬಂದು ನಿಂತವು. ಅಪ್ಪನಿಗೆ ಚುನಾವಣೆಯ ಟಿಕೆಟ್ ಸಿಕ್ಕಿತ್ತು. ಕಟ್ಟೆಯ ತುಂಬ ಗುಲಾಲು, ಪೇಢೆಯ ವಾಸನೆ. ಹಿತ್ತಲಿಗೆ ಹೋಗಿ ನೋಡಿದರೆ ಗೋಡೆಯಾಚೆ ರಶೀದಾಳ ತಲೆ ಕಾಣುತ್ತಿತ್ತು, ಅವಳೂ ತೀರ್ಪಿಗೆ ಕಾದಿದ್ದಳು. ನಾನು ಓಡಿಬಂದು ಜೀಪಿನ ಬಾಗಿಲು ಹಿಡಿದು ನಿಂತೆ. ಮುಂದಿನ ತಾರೀಖು ಕೊಡುತ್ತೇನೆ ಎಂದು ಅಪ್ಪ ನನ್ನ ತಲೆ ಸವರಿ ಹೊರಟುಹೋದ.

ಅಪ್ಪ ಗೆದ್ದ. ಮುಟ್ಟದ ಹಣ್ಣು ಹಳದಿಯಾಗಿ ಉದುರಿ, ಎರಡೂ ಅಂಗಳ ಹುಳಿಹುಳಿ ಘಮ್ಮೆನ್ನುತ್ತಿದ್ದವು. ಮನೆಗೆ ಬಂದಾಗಲೆಲ್ಲ ಅಪ್ಪ ಹೊಸ ತಾರೀಖು ಕೊಟ್ಟ. ಅಷ್ಟರಲ್ಲಿ ಮಾಸ್ತರರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಸಾಮಾನಿನ ಟೆಂಪೋ ಹೊರಡುವಾಗ ರಶೀದಾ ಗೋಡೆಯ ಹತ್ತಿರ ಬಂದು, ಒಂದು ನಿಂಬೆಹಣ್ಣು ಮೇಲಿಟ್ಟು ನನ್ನನ್ನೇ ನೋಡಿದಳು. ನಾನು ಬಾಯಿ ಬಿಡಲಿಲ್ಲ. ವಕೀಲರ ಮಗಳಲ್ಲವೆ, ಕಾನೂನು ಮುರಿಯುವುದುಂಟೆ?

ಮುಂದೆ ಅಪ್ಪ ಮಂತ್ರಿಯೂ ಆದ. ಸಿಂದಗಿ, ಬಾಗೇವಾಡಿಯ ಕಡೆಯ ಜನ ಅವನು ಮಾಡಿಸಿದ ರಸ್ತೆ, ತರಿಸಿದ ನೀರು ಇನ್ನೂ ನೆನೆಯುತ್ತಾರೆ. ಈಗ ಅಧಿಕಾರವೆಲ್ಲ ಮುಗಿದು, ಅದೇ ಕಟ್ಟೆಯ ಮೇಲೆ ನನ್ನ ಕಕ್ಷಿದಾರರ ಜೊತೆ ಹರಟುತ್ತ ಕೂರುತ್ತಾನೆ. ವಕೀಲಿ ಈಗ ನನ್ನದು. ಮುದ್ದೇಬಿಹಾಳದ ಕೋರ್ಟಿಗೆ ಹೋದಾಗಲೆಲ್ಲ ರಶೀದಾಳನ್ನು ವಿಚಾರಿಸಿದ್ದೇನೆ, ಪತ್ತೆಯಿಲ್ಲ. ಅಲ್ಲಿಯ ಜವಾನ ಯಾರದೋ ಹೆಸರನ್ನು ಮೂರು ಸಲ ಕೂಗಿದರೆ, ಅವಳೇ ಎರಡು ಜಡೆ ಹಾಕಿಕೊಂಡು ಒಳಗೆ ಬಂದಾಳೇನೋ ಎಂದು ಬಾಗಿಲು ನೋಡುತ್ತೇನೆ.

ಮೊನ್ನೆ ಅಪ್ಪನನ್ನು ಕೇಳಿದೆ.

"ಆ ಐತವಾರ ಏನ್ ತೀರ್ಪು ಕೊಡಾಂವ ಇದ್ದೆಪಾ?"

ಅಪ್ಪ ಹಿತ್ತಲ ಗೋಡೆಯ ಕಡೆ ತಿರುಗಿದ. ಗಿಡ ಒಣಗಿ ಎಷ್ಟೋ ವರ್ಷವಾಗಿದೆ.

"ಇಬ್ಬರೂ ಕೂಡಿ ತಿನ್ರಿ ಅನ್ನಾಂವ ಇದ್ನೆವಾ. ಒಂದು ಮಾತಿನ ಕೆಲಸ" ಎಂದ.

ನಾನೂ ಜನರಿಗೆ ತಾರೀಖು ಹೇಳುತ್ತೇನೆ, ಮುಂದೆ ಹೋಯಿತು ಎಂದೂ ಹೇಳುತ್ತೇನೆ. ಎದುರು ಪಾರ್ಟಿಯ ಜೊತೆ ಮಾತಾಡಬೇಡಿ ಎಂದು ಮಾತ್ರ ಯಾರಿಗೂ ಹೇಳಿಲ್ಲ.