ಮಳೆ ತಡೆದ ಟಗರು

ಆಗಸ್ಟಿನಲ್ಲಿ, ಸೋಣ ತಿಂಗಳ ಆರಂಭದ ಒಂದು ಭಾನುವಾರ, ಬೆಳಗಿನ ಚಹಾ ಆದ ಕೂಡಲೇ, ನಾನು ತಂಗಿಯ ಕುರಿಹಟ್ಟಿಯ ಹಿಂದೆ, ನೀರಿನ ಡ್ರಮ್ಮಿನ ಬಲಗಡೆ ನಿಂತಿದ್ದೆ. ಹಟ್ಟಿ ಇರುವುದು ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಬೋಳು ಗುಡ್ಡದ ಪದವಿನ ಮೇಲೆ. ಮಳೆ ಬಿಟ್ಟಿತ್ತು. ಕುರಿಗಳು ನಿಲ್ಲಲೆಂದು ನೆಲದಿಂದ ಎತ್ತರಕ್ಕೆ ಹಾಕಿದ ಅಡಿಕೆ ಮರದ ಸಲಾಕೆಗಳ ಸಂದಿಯಿಂದ ಏನೋ ಇಳಿಯುತ್ತಿತ್ತು. ಮಳೆನೀರು ಅಂದುಕೊಂಡೆ. ಬಗ್ಗಿ ನೋಡಿದೆ. ಹಾಲು ಹಾಕದ ಕಣ್ಣ ಚಾದ ಬಣ್ಣ. ಮೇಲೆ ಟಗರು ಉಚ್ಚೆ ಹೊಯ್ಯುತ್ತಿತ್ತು.

ಆ ಟಗರನ್ನು ತಂಗಿ ದುಡ್ಡು ಕೊಟ್ಟು ತಂದದ್ದಲ್ಲ. ಅದರ ಅಜ್ಜಿಯನ್ನು ತಂದದ್ದು. ಕೊಪ್ಪಳದ ಕಡೆಯ ಕೆಂಗುರಿಗಳನ್ನು ತರುವಾಗ ನಾನೂ ಜೊತೆಗೆ ಹೋಗಿದ್ದೆ. ಲಾರಿಗೆ ಹತ್ತಿಸುವ ಮೊದಲು ಅಲ್ಲಿಯ ಕುರುಬ ಹೇಳಿದ, “ಇವು ಬಿಸಿಲು ತಡೀತಾವ್ರಿ, ಹಸಿವು ತಡೀತಾವ್ರಿ. ಕಾಲಾಗ ನೀರು ನಿಂತ್ರ ಮಾತ್ರ ತಡಿಯಂಗಿಲ್ರಿ.”

ತಂಗಿ ನಕ್ಕಳು. “ನಮ್ಮ ಪದವು ಬೇಸಗೆಯಲ್ಲಿ ನಿಮ್ಮ ಊರೇ. ಮಳೆಗಾಲದ್ದು ಆಮೇಲೆ ನೋಡುವ.”

ಮೊದಲ ಮಳೆಗಾಲ ಗೊರಸು ಕೊಳೆತು ಅರ್ಧಕ್ಕರ್ಧ ಕುರಿಗಳು ಮೊಣಕಾಲೂರಿ ಮೇಯ್ದವು. ಉಳಿದವಕ್ಕೆ ಏನೂ ಆಗಲಿಲ್ಲ. ಅವಳು ಅದನ್ನೇ ಹಿಡಿದುಕೊಂಡಳು. ಪ್ರತಿ ವರ್ಷ ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಂದೊಂದೇ ಕುರಿಯನ್ನು ಕೂರಿಸಿ, ಗೊರಸಿನ ಸೀಳಿನಲ್ಲಿ ಹೆಬ್ಬೆರಳು ಒತ್ತಿ, ಬೆರಳನ್ನು ಮೂಸಿ ನೋಡುತ್ತಿದ್ದಳು. ಕೊಳೆತ ವಾಸನೆ ಬಂದ ಕುರಿ ಬಿ.ಸಿ.ರೋಡಿನ ಮಾಂಸದ ವ್ಯಾಪಾರಿಗೆ ಹೋಯಿತು. ಬಾರದ್ದು ಹಟ್ಟಿಯಲ್ಲಿ ಉಳಿಯಿತು. ಹಾಗೆ ಉಳಿದವುಗಳ ಮರಿ, ಮರಿಯ ಮರಿ. ಆ ಟಗರು ಹುಟ್ಟಿದ್ದೇ ಜಡಿಮಳೆಯಲ್ಲಿ. ಎರಡು ಮಳೆಗಾಲ ಕಳೆದರೂ ಅದರ ಗೊರಸು ಒಣಗಿದ ತೆಂಗಿನ ಗೆರಟೆಯ ಹಾಗೆಯೇ ಇತ್ತು.

ವ್ಯಾಪಾರಿ ಅದರ ಬೆನ್ನು ತಟ್ಟಿ ನೋಡಿದ್ದ. “ಇದನ್ನು ಕೊಡಿ ಅಕ್ಕ. ಮಳೆಗೆ ಕೊಡೆ ಹಿಡಿದು ಸಾಕ್ಲಿಕ್ಕೆ ಇದೇನು ನಿಮ್ಮ ಅಳಿಯನಾ?”

“ಅಳಿಯನೇ ಮಾರಾಯ. ಇದರ ಮಕ್ಕಳು ಬಂದ ಮೇಲೆ ನೀನು ಕುರಿಗೆ ಘಟ್ಟ ಹತ್ತುವುದು ಬೇಡ.”

ಅವಳಿಗೆ ಬೇಕಿದ್ದದ್ದು ಅದೊಂದೇ: ಇಲ್ಲಿಯ ಮಳೆಯಲ್ಲಿ ನಿಲ್ಲುವ ಒಂದು ತಳಿ. ಆ ವರ್ಷ ಹಟ್ಟಿಯ ಹೆಣ್ಣು ಕುರಿಗಳಿಗೆಲ್ಲ ಆ ಟಗರನ್ನೇ ಬಿಡುವುದಿತ್ತು.

ಆ ಭಾನುವಾರ ದನದ ಡಾಕ್ಟರು ಬೈಕಿನಲ್ಲಿ ಬರುವಷ್ಟರಲ್ಲಿ ಟಗರು ಮಲಗಿತ್ತು. ಅವರು ಅದರ ಕಣ್ಣಿನ ರೆಪ್ಪೆ ಎಳೆದರು. ಬಿಳಿ ಇರಬೇಕಾದಲ್ಲಿ ಅರಸಿನದ ಬಣ್ಣ. ಮಧ್ಯಾಹ್ನದೊಳಗೆ ಸತ್ತಿತು. ಡಾಕ್ಟರು ಅಲ್ಲೇ ಗೋಣಿ ಹಾಸಿ ಕೊಯ್ದರು. ನಾನು ಟಗರಿನ ಹಿಂಗಾಲು ಹಿಡಿದಿದ್ದೆ, ಆದ್ದರಿಂದ ಕಂಡದ್ದನ್ನು ಹೇಳಬಲ್ಲೆ. ಲಿವರು ಹಳದಿಯಾಗಿತ್ತು. ಎರಡು ಕಿಡ್ನಿಗಳೂ ಹಳೆ ಕಬ್ಬಿಣದ ಹಾಗೆ ಕಪ್ಪಾಗಿದ್ದವು.

“ಹುಲ್ಲು ಎಲ್ಲಿಂದ ಹೆರೆಯುವುದು?” ಎಂದು ಡಾಕ್ಟರು ಕೇಳಿದರು.

“ಕೆಳಗಿನ ತೋಟದಿಂದ. ಅಲ್ಲಿಯ ಜೈನ ಮನೆಯ ಅಮ್ಮನವರ ತೋಟ,” ಎಂದಳು ತಂಗಿ.

“ಮದ್ದು ಬಿಟ್ಟ ತೋಟವಾ?”

ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿದ ನೀಲಿ ಮದ್ದನ್ನು ಸಿಂಪಡಿಸದ ತೋಟ ಇಲ್ಲಿ ಯಾವುದಿದೆ? ಗೊನೆಗೆ ಬಿಟ್ಟದ್ದು ಕೆಳಗಿನ ಹುಲ್ಲಿಗೂ ಬೀಳುತ್ತದೆ. “ಮಳೆ ಬಿದ್ದು ತೊಳೆದ ಮೇಲೆಯೇ ಹೆರೆಯುವುದು,” ಎಂದಳು. “ಅವರ ದನಗಳೂ ಅದನ್ನೇ ತಿನ್ನುತ್ತವೆ.”

“ದನಕ್ಕೆ ಆಗ್ತದೆ. ಆಡಿಗೂ ತಕ್ಕಮಟ್ಟಿಗೆ ಆಗ್ತದೆ. ಕುರಿಗೆ ಆಗುವುದಿಲ್ಲ. ಮೈಲುತುತ್ತಿನ ತಾಮ್ರ ಲಿವರಿನಲ್ಲಿ ಕೂತುಕೊಳ್ತಾ ಹೋಗ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಎಲ್ಲ ಒಟ್ಟಿಗೆ ರಕ್ತಕ್ಕೆ ಬಿಡ್ತದೆ.”

“ಉಳಿದವು?”

“ಅವೂ ಅದೇ ಹುಲ್ಲು ತಿಂದದ್ದಲ್ವಾ. ಹುಲ್ಲು ನಿಲ್ಲಿಸಿ. ಓಡಿಸಬೇಡಿ, ಹೆದರಿಸಬೇಡಿ, ಹಿಡಿದು ಎಳೆಯಬೇಡಿ. ಗಾಬರಿಯಾದರೆ ಆಗಲೇ ರಕ್ತಕ್ಕೆ ಬಿಟ್ಟೀತು.” ಇದಕ್ಕೆ ಕೊಡುವ ಔಷಧಿ ತಮ್ಮಲ್ಲಿಲ್ಲ, ಮಂಗಳೂರಿನಲ್ಲಿ ವಿಚಾರಿಸುತ್ತೇನೆ ಎಂದರು. ವಿಚಾರಿಸಿದರು ಕೂಡ. ಸಿಗಲಿಲ್ಲ.

ಸಂಜೆ ತೋಟದ ಅಮ್ಮ ಪದವು ಹತ್ತಿ ಬಂದರು. ವಯಸ್ಸಾದ ಜೈನ ಹೆಂಗಸು. ಕುರಿ ಸಾಕುವುದು ಕೊಯ್ಯಲಿಕ್ಕೆಂದು ಗೊತ್ತಿದ್ದೂ, ಹಸಿದ ಪ್ರಾಣಿಗೆ ಹುಲ್ಲು ಇಲ್ಲವೆನ್ನಬಾರದೆಂದು ತೋಟದ ಬಾಗಿಲು ತೆಗೆದಿಟ್ಟವರು. ಹಟ್ಟಿಯ ಹತ್ತಿರ ಬರದೆ ಅಂಗಳದ ತುದಿಯಲ್ಲೇ ನಿಂತರು.

“ನಾನು ಕೊಟ್ಟ ಹುಲ್ಲಾ ಮಗಾ?”

“ನಾನು ಹೆರೆದ ಹುಲ್ಲು ಅಮ್ಮ,” ಎಂದಳು ತಂಗಿ.

ಮುಂದಿನ ವಾರಗಳಲ್ಲಿ ನಾನು ಪ್ರತಿ ಭಾನುವಾರ ನಾನಿರುವ ಬಂಟ್ವಾಳದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವಳು ಹಟ್ಟಿಗೆ ಕಾಲಿಟ್ಟರೆ ಕುರಿಗಳು ಎಂದಿನಂತೆ ಮೈಮೇಲೆ ಬರುತ್ತಿದ್ದವು. ನೂಕಾಡಿದರೆ ಎಲ್ಲಿ ಗಾಬರಿಯಾಗುತ್ತವೋ ಎಂದು ಅವಳು ಒಳಗೆ ಹೋಗುವುದನ್ನೇ ಬಿಟ್ಟಳು. ಹಲಸಿನ ಸೊಪ್ಪನ್ನು ಹೊರಗಿನಿಂದ, ಕೋಲಿನ ತುದಿಯಿಂದ ತಳ್ಳುತ್ತಿದ್ದಳು. ಗುಡುಗು ಬಂದ ದಿನ ಒಂದು ಹೋಯಿತು. ರಸ್ತೆಯಲ್ಲಿ ಯಾರದೋ ಮದುವೆಯ ಗರ್ನಾಲು ಸಿಡಿದಾಗ ಎರಡು. ಏನೂ ಇಲ್ಲದ ದಿನವೂ ಹೋದವು. ಗೊರಸಿಗೆ ಹೆಬ್ಬೆರಳು ಒತ್ತಿ ಆರಿಸಿದವುಗಳೇ ಎಲ್ಲ. ಸತ್ತವುಗಳ ಗೊರಸನ್ನೂ ನೋಡಿದೆ. ಒಂದೂ ಕೊಳೆತಿರಲಿಲ್ಲ.

ಒಮ್ಮೆ ಮಾತ್ರ ಅವಳು ಕೇಳಿದಳು, “ಮಳೆಗೆ ಕೊಳೆತದ್ದಾದರೆ ಕಣ್ಣಿಗೆ ಕಾಣ್ತದೆ ಅಣ್ಣ. ಒಳಗೆ ಕೂತದ್ದನ್ನು ಆರಿಸುವುದು ಹೇಗೆ?”

ನಾನು ಹಲಸಿನ ಸೊಪ್ಪಿನ ಕಟ್ಟು ಬಿಚ್ಚಿ ಅವಳ ಕೋಲಿನ ಹತ್ತಿರ ಇಟ್ಟೆ.

ವ್ಯಾಪಾರಿ ಬಂದಿದ್ದ. ಹೊಸ ಟಗರು ತರಿಸಿ ಕೊಡುತ್ತೇನೆ ಎಂದ. ಈ ಸಲ ಚೇಷ್ಟೆ ಮಾಡಲಿಲ್ಲ. ಅವಳು ಬೇಡವೆಂದಳು. ಮೊದಲಿನಿಂದ ಶುರು ಮಾಡುವಷ್ಟು ಮಳೆಗಾಲಗಳನ್ನು ಇನ್ನು ಎಣಿಸಲಾರೆ ಎಂದಳು.

ಟಗರು ಸತ್ತ ಆ ದಿನ ಹಟ್ಟಿಯಲ್ಲಿ ಆದದ್ದನ್ನು ನೋಡಿದವರು ಇಷ್ಟು ಜನ. ಡಾಕ್ಟರು ಇದ್ದಾರೆ, ವರ್ಗವಾಗಿ ಬೇರೆ ತಾಲೂಕಿಗೆ ಹೋಗಿದ್ದಾರೆ. ಅಂಗಳದ ತುದಿಯಿಂದ ನೋಡಿದ ಅಮ್ಮ ಇದ್ದಾರೆ, ಈಗ ಯಾರಿಗೂ ಹುಲ್ಲು ಕೊಡುವುದಿಲ್ಲ. ತಂಗಿ ಇದ್ದಾಳೆ. ನಾನಿದ್ದೇನೆ. ಹಟ್ಟಿಯೊಳಗಿನಿಂದ ನೋಡಿದವುಗಳಲ್ಲಿ ಎರಡು ಹೆಣ್ಣು ಕುರಿಗಳು ಉಳಿದಿವೆ. ಅವುಗಳ ಹತ್ತಿರ ಯಾರೂ ಹೋಗುವುದಿಲ್ಲ.