ಡ್ರಿಲ್ ದಿನ ಗುನುಗುವ ಹುಡುಗಿ

ಕೇಟಿ ಎಂಬ ಊರಿನ ಒಂದು ಎಲಿಮೆಂಟರಿ ಶಾಲೆಯಲ್ಲಿ ನಾನು ಎರಡನೇ ಕ್ಲಾಸಿನ ಟೀಚರ್‌ಗೆ ಸಹಾಯಕಿ. ಪೆನ್ಸಿಲ್ ಚೂಪು ಮಾಡುವುದು, ಊಟದ ಡಬ್ಬಿಯ ಮುಚ್ಚಳ ತೆಗೆದುಕೊಡುವುದು, ಬಿಚ್ಚಿಹೋದ ಶೂ ಲೇಸ್ ಕಟ್ಟುವುದು, ಇಂಥವೇ ಕೆಲಸ. ಇನ್ನೊಂದೂ ಇದೆ. ಯಾವುದಾದರೂ ಮಗು ಅತ್ತು, ಹೊಡೆದು, ಕೂಗಾಡಿದ ಮೇಲೆ ಅದನ್ನು ಕಿಟಕಿ ಪಕ್ಕದ ಚಾಪೆಯಲ್ಲಿ ಕೂರಿಸಿಕೊಂಡು ಮಾತಾಡಿಸಬೇಕು. ಏನಾಯಿತು? ಆಗ ನಿನಗೆ ಹೇಗನ್ನಿಸಿತು? ಮುಂದಿನ ಸಲ ನಮ್ಮಿಂದ ಏನು ಸಹಾಯ ಬೇಕು? ಬೈಯುವ ಹಾಗಿಲ್ಲ, ಉತ್ತರವನ್ನು ನಾವೇ ಬಾಯಿಗೆ ತುರುಕುವ ಹಾಗೂ ಇಲ್ಲ. ಸುಮ್ಮನೆ ಕಾಯಬೇಕು. ಬೇಳೆ ಬೇಯುವುದನ್ನು ಕಾದು ಅಭ್ಯಾಸ ಇರುವವಳಿಗೆ ಅದೇನು ಮಹಾ ಕಷ್ಟವಲ್ಲ.

ನನಗೆ ಕಷ್ಟ ಲಾಕ್‌ಡೌನ್ ಡ್ರಿಲ್. ಬಂದೂಕು ಹಿಡಿದು ಯಾರಾದರೂ ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಕೊಡುವ ತಾಲೀಮು. ಸ್ಪೀಕರಿನಲ್ಲಿ ಹೇಳಿದ ಕೂಡಲೇ ಬಾಗಿಲಿಗೆ ಬೀಗ, ದೀಪ ಆಫ್, ಮಕ್ಕಳೆಲ್ಲ ಬಾಗಿಲಿನಿಂದ ಕಾಣದ ಮೂಲೆಯಲ್ಲಿ, ನೆಲದ ಮೇಲೆ. ಉಸಿರೂ ಕೇಳಿಸಬಾರದು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಹಿಡಿಕೆ ಕಟಕಟ ಅಲ್ಲಾಡುತ್ತದೆ. ಬೀಗ ಬಿದ್ದಿದೆಯೇ ಅಂತ ಪ್ರಿನ್ಸಿಪಾಲರೇ ನೋಡುವುದು. ಅವರೇ ಅಂತ ಗೊತ್ತಿದ್ದರೂ ನಾನು ಕತ್ತಲಲ್ಲೇ ಮಕ್ಕಳ ತಲೆ ಎಣಿಸತೊಡಗುತ್ತೇನೆ.

ಆ ವರ್ಷ ನಮ್ಮ ಕ್ಲಾಸಿನಲ್ಲಿ ಒಬ್ಬಳು ಕನ್ನಡದ ಹುಡುಗಿ ಇದ್ದಳು. ಅಪ್ಪ ಎನರ್ಜಿ ಕಾರಿಡಾರ್ ಬಡಾವಣೆಯ ಒಂದು ತೈಲ ಕಂಪನಿಯಲ್ಲಿ ಇಂಜಿನಿಯರ್, ಅಮ್ಮ ಹುಬ್ಬಳ್ಳಿ ಕಡೆಯವರು. ಮೊದಲ ಡ್ರಿಲ್‌ನಲ್ಲಿ ಹಿಡಿಕೆ ಅಲ್ಲಾಡಿದ್ದೇ ತಡ, ಕತ್ತಲಲ್ಲಿ ಈ ಹುಡುಗಿ 'ಮ್‌ಮ್‌ಮ್' ಅಂತ ಗುನುಗತೊಡಗಿದಳು. ಕುಕ್ಕರ್ ಕೂಗುವ ಮುಂಚಿನ ಸದ್ದಿನ ಹಾಗೆ. ಟೀಚರ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರೆ ಇನ್ನೂ ಜೋರಾಯಿತು. ಪಕ್ಕದಲ್ಲಿದ್ದ ಮಗು ಪಿಸುಗುಟ್ಟಿತು: "ಬಾಯಿ ಮುಚ್ಚು! ನಿನ್ನಿಂದ ನಾವೆಲ್ಲ ಸಾಯ್ತೀವಿ." ಹಾಲು ಹಲ್ಲು ಬಿದ್ದ ಬಾಯಿಯಿಂದ ಬಂದ ಮಾತು ಅದು.

ದೀಪ ಹಾಕಿದ ಮೇಲೆ ಗುನುಗಿದವಳನ್ನು ಚಾಪೆಗೆ ಕರೆದೆ. ಸ್ವೆಟರಿನ ಕಾಲರ್ ಕಚ್ಚಿ ಕಚ್ಚಿ ಒದ್ದೆಯಾಗಿತ್ತು. ಏನಾಯಿತು ಎಂದರೆ, ಇಂಗ್ಲಿಷಿನಲ್ಲೇ, "ಸದ್ದು ಮಾಡಿದೆ, ಸಾರಿ, ಇನ್ನು ಮಾಡಲ್ಲ." ಹೇಗನ್ನಿಸಿತು ಎಂದರೆ, "ಐ ಆಮ್ ಫೈನ್." ಏನಾದರೂ ಸಹಾಯ? "ನೋ, ಥ್ಯಾಂಕ್ಯೂ." ಎಲ್ಲಾ ಬಾಯಿಪಾಠ ಒಪ್ಪಿಸಿದಂತೆ.

ಎರಡನೇ ಡ್ರಿಲ್‌ನಲ್ಲೂ ಅದೇ ಗುನುಗು, ಆಮೇಲೆ ಅದೇ ಉತ್ತರ. ಅಷ್ಟರಲ್ಲಿ ಊಟದ ಮೇಜಿನಲ್ಲಿ ಮಕ್ಕಳು ಅವಳಿಂದ ದೂರ ಸರಿದು ಕೂರಲು ಶುರುಮಾಡಿದ್ದರು. ನನಗೆ ಮಾತ್ರ ಬೇರೆಯೇ ಯೋಚನೆ. ಅದು ನಿಜವಾದ ದಿನವಾಗಿದ್ದರೆ? ಆ ಸದ್ದು ಬಾಗಿಲಾಚೆ ಕೇಳಿಸಿದ್ದರೆ? ಫ್ರೀವೇಯಲ್ಲಿ ಡ್ರೈವ್ ಮಾಡುವಾಗಲೂ ಕಿವಿಯಲ್ಲಿ ಅದೇ.

ಟೀಚರ್ ಹುಡುಗಿಯ ಅಮ್ಮನನ್ನು ಕರೆಸಿದರು, ಹುಡುಗಿಯ ಜೊತೆಗೆ ನನ್ನನ್ನೂ ಕೂರಿಸಿಕೊಂಡರು. ಆಕೆಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಗಾಬರಿಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಅಕ್ಕಾರ, ಏನರ ದೋಷ ಐತಿ ಅಂತ ನಮ್ಮ ಹುಡುಗಿ ಮ್ಯಾಲೆ ಮುದ್ರಿ ಒತ್ತಿಬಿಡ್ತಾರೇನ್ರೀ?"

"ಮುದ್ರೆ ಗಿದ್ರೆ ಏನಿಲ್ಲಮ್ಮ. ಅವಳಿಗೆ ಹೆದರಿಕೆ ಆಗ್ತಿದೆ ಅನ್ನಿಸುತ್ತೆ."

"ಅಂಜಿಕಿ? ಹಲ್ಲಿ ಹಿಡಿದು ಹೊರಗ ಒಗ್ಯಾಕಿ ರೀ ಆಕಿ. ನಮ್ಮ ಮನ್ಯಾಗ ಅಂಜೋರು ಅಂದ್ರ ಅವರಪ್ಪ!"

ನನಗೆ ನಗು ಬಂತು. ಟೀಚರ್ ನಮ್ಮಿಬ್ಬರ ಮುಖ ನೋಡಿ, ಹುಡುಗಿಯ ಎದುರು ಬಗ್ಗಿ ಮೃದುವಾಗಿ ಕೇಳಿದರು, ಡ್ರಿಲ್ ಸಮಯದಲ್ಲಿ ನಿನಗೆ ನಮ್ಮಿಂದ ಏನಾದರೂ ಬೇಕಾ ಅಂತ. ಹುಡುಗಿ ಮೊದಲು ಅಮ್ಮನ ಮುಖ ನೋಡಿದಳು. ಆಮೇಲೆ, "ನೋ, ಥ್ಯಾಂಕ್ಯೂ."

ಅಮ್ಮನ ಮುಖ ಅರಳಿತು. ಆ ಅರಳುವಿಕೆ ನನಗೆ ಗೊತ್ತು. ನನ್ನ ಮಕ್ಕಳಿಗೂ ಹೇಳಿಕೊಟ್ಟು ಬೆಳೆಸಿದ್ದೇನೆ: ಯಾರ ಮನೆಗೆ ಹೋದರೂ ಕೇಳಿದ ತಕ್ಷಣ ಹೂಂ ಅನ್ನಬಾರದು, ಮೊದಲು ಬೇಡ ಆಂಟಿ ಅನ್ನಬೇಕು. ಮನೆಯವರು ಮತ್ತೆ ಉಪಚಾರ ಮಾಡುತ್ತಾರೆ, ಆಮೇಲೆ ತೊಗೋಬೇಕು. ಒಂದೇ ಸಲ ಕೇಳಿ ತಟ್ಟೆ ಒಳಗೆ ಒಯ್ದರೆ, ಅದು ಕೇಳಿದ್ದೇ ಅಲ್ಲ ನಮ್ಮಲ್ಲಿ. ಈ ಟೀಚರ್ ಊರಿನ ಮರ್ಯಾದೆಯೇ ಬೇರೆ. ಮಗು ಬೇಡ ಎಂದರೆ ಬೇಡ, ಒತ್ತಾಯ ಮಾಡಬಾರದು. ನಾನೂ ಚಾಪೆಯ ಮೇಲೆ ಅವರ ರೀತಿಯಲ್ಲೇ ಒಂದೊಂದು ಸಲ ಕೇಳಿ ಬಿಟ್ಟಿದ್ದೆ.

ಟೀಚರ್‌ಗೆ ಇದನ್ನು ಬಿಡಿಸಿ ಹೇಳಿ, ಇನ್ನೊಮ್ಮೆ ಕೇಳಲೇ ಎಂದೆ. ತಲೆಯಾಡಿಸಿದರು.

"ಇಲ್ಲ ಪುಟ್ಟಿ, ಸ್ವಲ್ಪನಾದ್ರೂ ಹೇಳು."

"ಬೇಡ ಆಂಟಿ." ಅವಳ ಬಾಯಿಂದ ನಾನು ಮೊದಲ ಸಲ ಕೇಳಿದ ಕನ್ನಡ.

"ಹಾಗಂದ್ರೆ ಹೇಗೆ? ನನಗೋಸ್ಕರ ಒಂದೇ ಒಂದು."

ಹುಡುಗಿ ಮತ್ತೆ ಅಮ್ಮನನ್ನು ನೋಡಿದಳು. ಆಕೆಯ ಮುಖದ ನಗು ಇಳಿದಿತ್ತು. "ಹೇಳವ್ವಾ," ಎಂದರು ಮೆಲ್ಲಗೆ, "ನಾ ಏನೂ ಅನ್ನೂದಿಲ್ಲ."

ಆಗ ಇಂಗ್ಲಿಷಿನಲ್ಲಿ ಬಂತು, ಒಂದೊಂದೇ ಮಾತು. ಹಿಡಿಕೆ ಅಲ್ಲಾಡಿದಾಗ 'ಅವನು' ಬಂದೇಬಿಟ್ಟ ಅನ್ನಿಸುತ್ತದಂತೆ. ಗುನುಗಿದರೆ ಆ ಕಟಕಟ ಕೇಳಿಸುವುದಿಲ್ಲವಂತೆ. ಡ್ರಿಲ್ ಇದೆ ಅಂತ ಬೆಳಿಗ್ಗೆಯೇ ಹೇಳಬೇಕು. ಯಾರಾದರೂ ತನ್ನನ್ನು ಗಟ್ಟಿಯಾಗಿ ಅಪ್ಪಿ ಹಿಡಿದುಕೊಳ್ಳಬೇಕು. ಅಷ್ಟೇ. ಅಮ್ಮ ಕಿಟಕಿಯಾಚೆ ಪಾರ್ಕಿಂಗ್ ಲಾಟ್ ನೋಡುತ್ತಾ ಕೂತುಬಿಟ್ಟರು.

ಮುಂದಿನ ಡ್ರಿಲ್ ದಿನ ಬೆಳಿಗ್ಗೆಯೇ ಹೇಳಿದೆ. ಅವತ್ತು ಅವಳು ಊಟ ಮಾಡಲಿಲ್ಲ, ನಾನೂ ಸರಿಯಾಗಿ ಮಾಡಲಿಲ್ಲ. ದೀಪ ಆರಿದಾಗ ಗೋಡೆಗೆ ಒರಗಿ ಕೂತು ಅವಳನ್ನು ತೊಡೆಯ ಮೇಲೆಳೆದು ಎರಡೂ ಕೈ ಸುತ್ತಿ ಹಿಡಿದೆ. ಕಾರಿಡಾರಿನಲ್ಲಿ ಹೆಜ್ಜೆಗಳು. ಪಕ್ಕದ ಕ್ಲಾಸಿನ ಹಿಡಿಕೆ ಕಟಕಟ ಅಂತು. ನನ್ನ ಕೈಗೆ ತಾಗಿದ್ದ ಅವಳ ಗಂಟಲಲ್ಲಿ ಸಣ್ಣ ನಡುಕ ಶುರುವಾಯಿತು. ಬಂತು, ಈಗ ಬಂತು ಗುನುಗು ಅಂತ ನಾನು ಕಣ್ಣು ಮುಚ್ಚಿದೆ.

"ಆಂಟಿ, ಗಟ್ಟಿ," ಎಂದಳು, ಉಸಿರಿನಲ್ಲೇ.

ಒತ್ತಿದೆ.

"ಇನ್ನೂ."

ಪಕ್ಕೆಲುಬಿಗೆ ನೋವಾದೀತೇನೋ ಅನ್ನುವಷ್ಟು ಒತ್ತಿದೆ. ನಮ್ಮ ಬಾಗಿಲ ಹಿಡಿಕೆ ಅಲ್ಲಾಡಿತು, ನಿಂತಿತು. ಸದ್ದು ಅವಳ ಗಂಟಲಲ್ಲೇ ಉಳಿಯಿತು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲಿನಲ್ಲಿ ಅಮ್ಮ ಗಾಜು ಇಳಿಸಿದರು. "ಹೆಂಗಾತ್ರೀ ಅಕ್ಕಾರ?"

"ಒಂದು ಚೂರೂ ಸದ್ದಿಲ್ಲಮ್ಮ," ಎಂದೆ. ಆಕೆ ಎರಡೂ ಕೈ ಮುಗಿದರು. ನಿಜವಾದ ದಿನ ಬಂದರೆ ಬೆಳಿಗ್ಗೆ ಯಾರೂ ನಮಗೆ ಮೊದಲೇ ಹೇಳುವುದಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹುಡುಗಿಯ ಸೀಟ್ ಬೆಲ್ಟ್ ಹಾಕಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಬಾಗಿಲು ಮುಚ್ಚಿದೆ.