ಮಸ್ಕತ್ತಿಗೆ ಹೊರಟ ಶ್ರುತಿಪೆಟ್ಟಿಗೆ

ನಮ್ಮ ಭಾಗವತರು ಮಸ್ಕತ್ತಿನಲ್ಲಿ ಕಾಲು ತಾಸು ಶ್ರುತಿಯೇ ಇಲ್ಲದೆ ಹಾಡಿದರು, ಶ್ರುತಿ ಮತ್ತೆ ಶುರುವಾದಾಗ ಅವರ ಸ್ವರ ಕೂದಲೆಳೆಯಷ್ಟೂ ಇಳಿದಿರಲಿಲ್ಲ ಎಂಬುದು ಸಿದ್ದಾಪುರದಲ್ಲಿ ಚಾಲ್ತಿಯಲ್ಲಿರುವ ಕಥೆ. ಸಿರ್ಸಿ ಮುಟ್ಟುವಷ್ಟರಲ್ಲಿ ಕಾಲು ತಾಸು ಅರ್ಧ ತಾಸಾಗುತ್ತದೆ. ಯಲ್ಲಾಪುರದಲ್ಲಿ ನಾನೇ ಕೇಳಿದ ಆವೃತ್ತಿಯಲ್ಲಂತೂ ಇಡೀ ಪ್ರಸಂಗವೇ ಶ್ರುತಿಯಿಲ್ಲದೆ ನಡೆದಿದೆ, ಕೊನೆಗೆ ಒಬ್ಬ ಅರಬ್ಬಿ ಎದ್ದು ನಿಂತು ಕಣ್ಣೊರೆಸಿಕೊಂಡಿದ್ದಾನೆ. ಸಭೆಯಲ್ಲಿ ಅರಬ್ಬಿ ಯಾರೂ ಇರಲಿಲ್ಲ. ಇದ್ದವರೆಲ್ಲ ನಮ್ಮವರೇ. ಹೊರಗಿನವನೆಂದರೆ ಬಾಗಿಲಲ್ಲಿ ಕುಳಿತ ಕೇರಳದ ಕಾವಲುಗಾರ. ಅವನು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

ಈ ಕಥೆಯ ಬಗ್ಗೆ ನನಗೆ ತಕರಾರಿದೆ. ಇವನಿಗೆ ಯಾವುದರ ಬಗ್ಗೆ ತಕರಾರಿಲ್ಲ ಎಂದು ನೀವು ಕೇಳಬಹುದು. ಒಪ್ಪಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲಿಗೆ ಮಸೆದುಕೊಂಡು ಅಲ್ಲಿಂದ ತಾಳಮದ್ದಳೆಗೆ ಬಂದವನು ನಾನು. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲೇ ಪಾತ್ರದ ಹೆಸರು ಹೇಳಿಕೊಂಡು ಜಗಳವಾಡುವುದನ್ನು ಕಲೆಯೆಂದು ಒಪ್ಪಿಕೊಂಡ ಸೀಮೆಯಲ್ಲಿ ನನ್ನಂಥವನಿಗೆ ಇನ್ನೇನು ಬೇಕು? ಆದರೆ ಈ ತಕರಾರು ಚಟದ್ದಲ್ಲ. ಆ ದಿನ ಶ್ರುತಿ ಬರುತ್ತಿದ್ದದ್ದು ನನ್ನ ಫೋನಿನಿಂದ.

ಪರದೇಶಕ್ಕೆ ಹೋಗುವವರ ಚೀಲ ನೋಡಿ ಕಾಲವನ್ನು ಹೇಳಬಹುದು ಅನ್ನಿಸುತ್ತದೆ. ಹಿಂದಿನವರು ಉಪ್ಪಿನಕಾಯಿ ಭರಣಿ ಒಡೆಯದಂತೆ ಪಂಚೆ ಸುತ್ತುತ್ತಿದ್ದರು. ನಾವು ಫೋನು, ಫೋನಿಗೆ ಚಾರ್ಜರು, ಚಾರ್ಜರು ಕೈಕೊಟ್ಟರೆ ಪವರ್ ಬ್ಯಾಂಕು, ಪವರ್ ಬ್ಯಾಂಕಿಗೆ ಮತ್ತೊಂದು ಚಾರ್ಜರು ಸುತ್ತಿಕೊಳ್ಳುತ್ತೇವೆ. ಭರಣಿ ಒಡೆದರೆ ಉಪ್ಪಿನಕಾಯಿ ಇಲ್ಲ, ಅಷ್ಟೇ. ಇಲ್ಲಿ ಒಂದು ವೈರು ಮರೆತರೆ ಇಡೀ ವಂಶವೇ ನಿಷ್ಪ್ರಯೋಜಕ. ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ ಸಿರ್ಸಿಯ ಕಾರಿನ ರಫೀಕಣ್ಣ ಹಿಂಬದಿಯಲ್ಲಿ ಚೀಲ ಒಟ್ಟುತ್ತ ಕೇಳಿಯೇಬಿಟ್ಟ: “ಏನ್ರೀ ಇಷ್ಟು ವೈರು? ಮಸ್ಕತ್ತಿಗೆ ಕರೆಂಟ್ ಎಳೀಲಿಕ್ಕೆ ಹೊಂಟೀರೋ, ಅರ್ಥ ಹೇಳ್ಲಿಕ್ಕೆ ಹೊಂಟೀರೋ?”

ಮಸ್ಕತ್ತಿನಲ್ಲಿರುವ ನಮ್ಮವರು ಇಟ್ಟುಕೊಂಡ ತಾಳಮದ್ದಳೆಗೆ ಹೊರಟವರು ಐದು ಜನ. ಪಾತ್ರಗಳಾಗಿ ಮಾತಾಡುವ ಇಬ್ಬರು ಹಿರಿಯ ಅರ್ಥಧಾರಿಗಳು, ಮದ್ದಳೆಯ ಗಣಪಣ್ಣ, ದೂತನಂಥ ಸಣ್ಣ ಪಾತ್ರಕ್ಕೆ ನಾನು, ಮತ್ತು ಭಾಗವತರು. ಭಾಗವತರ ಹೆಸರು ಬೇಡ. ಈ ಸೀಮೆಯಲ್ಲಿ ಭಾಗವತರು ಊರಿಗೊಬ್ಬರಿದ್ದಾರೆ, ಹುಡುಕುವವರು ಹುಡುಕಿಕೊಳ್ಳಲಿ. ಅವರು ಹಾಡುವುದು ಹಾರ್ಮೋನಿಯಮ್ಮಿನ ಮೂರನೆಯ ಕಪ್ಪು ಮನೆಯ ಶ್ರುತಿಯಲ್ಲಿ. ಮೂವತ್ತು ವರ್ಷದಿಂದ ಕಪ್ಪು ಮೂರು ಅಂದರೆ ಅವರು, ಅವರು ಅಂದರೆ ಕಪ್ಪು ಮೂರು. ಆ ವರ್ಷ ಮಾತ್ರ ಅವರ ಸ್ವರ ಅಷ್ಟು ಮೇಲೆ ಏರುತ್ತಿಲ್ಲ ಎಂಬ ಗುಸುಗುಸು ಎದ್ದಿತ್ತು. ನಮ್ಮ ತಾಳಮದ್ದಳೆ ಸಂಘದವರು ಮುಂದಿನ ಹಂಗಾಮಿಗೆ ಬೇರೆಯವರನ್ನು ವಿಚಾರಿಸಿಯೂ ಆಗಿತ್ತು. ಮಸ್ಕತ್ತಿನ ವಿಡಿಯೊ ನೋಡಿ ತೀರ್ಮಾನ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರಿಗೂ.

ಅವರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನನ್ನ ವಯಸ್ಸಿನದು. ಶ್ರುತಿ ತಿರುಗಿಸುವ ಒಂದು ಗುಬುಟು ಇನ್ಸುಲೇಶನ್ ಟೇಪಿನ ಕೃಪೆಯಿಂದ ನಿಂತಿದೆ, ಒಳಗೆ ಬರೀ ವೈರಿನ ಸುರುಳಿಗಳು.

“ಪೆಟ್ಗೆ ಎನ್ನ ತೊಡೆ ಮೇಲೇ ಇರ್ತು,” ಅಂದರು ಭಾಗವತರು.

ನಾನು ಮೂರು ಅಂಶಗಳಲ್ಲಿ ಖಂಡಿಸಿದೆ. ಒಂದು, ತಪಾಸಣೆಯ ಯಂತ್ರಕ್ಕೆ ಇದು ಸಂಗೀತದಂತೆ ಖಂಡಿತ ಕಾಣುವುದಿಲ್ಲ. ಎರಡು, ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕೆಂಬ ನಿಯಮವಿದೆ, ಆದರೆ ಪೆಟ್ಟಿಗೆಗೆ ಬ್ಯಾಟರಿಯೇ ಇಲ್ಲವಾದ್ದರಿಂದ ಅದು ಕೆಳಗಿನ ಸಾಮಾನಿನ ಜೊತೆ ಧಾರಾಳವಾಗಿ ಹೋಗಬಹುದು. ಮೂರು, ಹೇಗೂ ನನ್ನ ಫೋನಿನಲ್ಲಿ ಶ್ರುತಿಯ ಆ್ಯಪ್ ಇದೆ.

ಗಣಪಣ್ಣ ನಕ್ಕ. “ಅಪ್ಪಿ ಹೇಳದು ಸಮ ಇದ್ದು ಭಾಗವತ್ರೇ. ಇವನ ಸಂತಿಗೆ ವಾದ ಮಾಡಿ ಗೆದ್ದವು ಯಾರಿದ್ದ?”

“ಆತು, ಕೆಳಗೇ ಹಾಕು,” ಅಂದರು ಭಾಗವತರು. ಅವರು ಒಪ್ಪಿದ್ದಲ್ಲ, ಸೋತದ್ದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಚರ್ಚಾಸ್ಪರ್ಧೆಯಲ್ಲಿ ಕಲಿಸುವುದಿಲ್ಲ.

ಮಸ್ಕತ್ತಿನಲ್ಲಿ ಇಳಿದಾಗ ಎಲ್ಲರ ಚೀಲ ಬಂತು, ಪೆಟ್ಟಿಗೆಯಿದ್ದ ಚೀಲ ಬರಲಿಲ್ಲ. ಅದು ಮತ್ಯಾವುದೋ ದೇಶಕ್ಕೆ ಹೋಗಿ, ಕಾರ್ಯಕ್ರಮ ಮುಗಿದ ಮರುದಿನ ತಲುಪಿತು. “ಪೆಟ್ಗೆ ನಮ್ಗಿಂತ ಹೆಚ್ಚು ದೇಶ ನೋಡ್ಕಂಡು ಬಂತಲ ಮಾರಾಯಾ!” ಎಂದು ಗಣಪಣ್ಣ ಆಮೇಲೆ ಹೇಳಿದ. ಆ ಕ್ಷಣಕ್ಕೆ ಭಾಗವತರು ನನ್ನ ಫೋನನ್ನು ಒಮ್ಮೆ ನೋಡಿದರು, ಅಷ್ಟೇ.

ಶುಕ್ರವಾರ ಮಧ್ಯಾಹ್ನ, ಒಂದು ಶಾಲೆಯ ಸಭಾಂಗಣ. ನಾನು ಕೇಳುವ ಮೊದಲೇ ಭಾಗವತರು “ಕಪ್ಪು ಮೂರು” ಅಂದರು, ಇಡೀ ಸಭೆಗೆ ಕೇಳುವಂತೆ. ಫೋನನ್ನು ಮೈಕಿನ ಬುಡದಲ್ಲಿಟ್ಟೆ. ಒಂದು ತಾಸು ಚೆನ್ನಾಗಿಯೇ ನಡೆಯಿತು. ಆದರೆ ಬೆಳಿಗ್ಗೆಯಿಂದ ಸಮುದ್ರ, ಕೋಟೆ, ಖರ್ಜೂರದ ಅಂಗಡಿ ಎಂದು ಕಂಡದ್ದನ್ನೆಲ್ಲ ಅದೇ ಫೋನಿನಲ್ಲಿ ಹಿಡಿದಿದ್ದೆ. ಪವರ್ ಬ್ಯಾಂಕನ್ನು ಗಣಪಣ್ಣ ಇಸಿದುಕೊಂಡು, ಹೆಂಡತಿಗೆ ವಿಡಿಯೊ ಕಾಲಿನಲ್ಲಿ ಸಮುದ್ರ ತೋರಿಸಿ ಖಾಲಿ ಮಾಡಿದ್ದ. ಒಂದು ಪದ್ಯದ ನಡುವೆ ಫೋನು ಸತ್ತಿತು.

ಭಾಗವತರು ನಿಲ್ಲಿಸಲಿಲ್ಲ. ನಾನು ಫೋನು ಹಿಡಿದು ಪರದೆಯ ಹಿಂದೆ ಓಡಿದೆ. ಗೋಡೆಯಲ್ಲಿ ಮೂರು ಚೌಕ ತೂತು, ನನ್ನ ಚಾರ್ಜರಿಗೆ ಎರಡು ದುಂಡು ಕಾಲು. ಮೂರು ಅಂಶಗಳಲ್ಲಿ ಖಂಡಿಸುವಾಗ ಈ ನಾಲ್ಕನೆಯ ಅಂಶ ನನಗೆ ಹೊಳೆದಿರಲಿಲ್ಲ. ಯಾರೋ ಕಾರಿನಿಂದ ಅಡಾಪ್ಟರು ತಂದುಕೊಟ್ಟು, ಫೋನಿಗೆ ಜೀವ ಬರುವಷ್ಟರಲ್ಲಿ ಕಾಲು ತಾಸು. ಇಲ್ಲಿಯವರೆಗೆ ಸಿದ್ದಾಪುರದ ಕಥೆ ಸರಿಯಿದೆ.

ಕಪ್ಪು ಮೂರಕ್ಕೆ ಹೊಂದಿಸಿ, ಸದ್ದು ತೀರಾ ಸಣ್ಣದಾಗಿಟ್ಟು, ಕರೆ ಬಂದವನಂತೆ ಫೋನನ್ನು ಕಿವಿಗೆ ಹಿಡಿದೆ. ಇತ್ತ ಕಿವಿಯಲ್ಲಿ ಫೋನು, ಅತ್ತ ಕಿವಿಯಲ್ಲಿ ಭಾಗವತರು. ಎರಡೂ ಸೇರಲಿಲ್ಲ. ಅವರು ಪೂರಾ ಒಂದು ಮನೆ ಇಳಿದು ಕೆಳಗಿನ ಬಿಳಿ ಮನೆಯಲ್ಲಿ, ಬಿಳಿ ನಾಲ್ಕರಲ್ಲಿ, ನಿಂತಿದ್ದರು. ಹಾಡು ಒಡೆದಿರಲಿಲ್ಲ, ಬಿಗಿದಿರಲಿಲ್ಲ. ನಿಜ ಹೇಳುವುದಾದರೆ ಅಷ್ಟು ಸಲೀಸಾಗಿ ಅವರು ಹಾಡಿದ್ದನ್ನು ಎರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಆದರೆ ಅದು ಕಪ್ಪು ಮೂರಲ್ಲ.

ಆ್ಯಪಿನಲ್ಲಿ ಒಂದು ಕಳೆಯುವ ಗುರುತಿದೆ. ಒಮ್ಮೆ ಒತ್ತಿದರೆ ಒಂದು ಮನೆ ಇಳಿಯುತ್ತದೆ. ಒತ್ತಿದೆ. ಫೋನನ್ನು ಮೈಕಿನ ಬುಡಕ್ಕೆ ಮರಳಿಸಿದೆ. ಶ್ರುತಿಯೂ ಸ್ವರವೂ ಹಾಲುನೀರಿನಂತೆ ಬೆರೆತವು, ಸಭೆ ಚಪ್ಪಾಳೆ ಹೊಡೆಯಿತು. ಗಣಪಣ್ಣನ ಕೈಯಲ್ಲಿ ಮದ್ದಳೆಯ ಅಂಚು ತಟ್ಟುವ ಸಣ್ಣ ಸುತ್ತಿಗೆ ಇತ್ತು. ಅಂದರೆ ಅವನೂ ಮದ್ದಳೆಯನ್ನು ಆಗಲೇ ಇಳಿಸಿಕೊಂಡಿದ್ದ. ನನ್ನ ಮುಖ ನೋಡಿ ಸುತ್ತಿಗೆಯನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿದ.

ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲ ಎಂದು ವಾದದ ವೇದಿಕೆಗಳಲ್ಲಿ ನಾನು ಎಷ್ಟೋ ಸಲ ಮೇಜು ಗುದ್ದಿದ್ದೇನೆ. ಮುನ್ನೂರು ಕಿಲೋಮೀಟರ್ ಆಚೆಯ ಪವಾಡವನ್ನೂ ಬಿಡದೆ ಪುರಾವೆ ಕೇಳಿದವನು ನಾನು. ಈಗ ಒಂದು ಪವಾಡದ ಪುರಾವೆಯನ್ನು ಹೆಬ್ಬೆರಳಿನಿಂದ ತಯಾರಿಸಿ ಮೈಕಿನ ಮುಂದಿಟ್ಟಿದ್ದೇನೆ. ವಿಡಿಯೊದ ಮೊದಲ ಪದ್ಯವನ್ನೂ ಕೊನೆಯ ಪದ್ಯವನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಯಾರೂ ಇಟ್ಟಿಲ್ಲ. ಸಂಘದವರು ಭಾಗವತರನ್ನೇ ಮುಂದುವರಿಸಿದರು. ಸಿದ್ದಾಪುರದ ಹೋಟೆಲಿನಲ್ಲಿ ಕುಳಿತು “ಒಂದು ಎಳೆನೂ ಇಳದ್ದಿಲ್ಲೆ, ಆನು ಪಕ್ಕದಲ್ಲೇ ಇದ್ದಿದ್ದೆ” ಎಂದು ಈ ಕಥೆಯನ್ನು ಮೊದಲು ಹೇಳಿದವನು ಯಾರು ಅಂದುಕೊಂಡಿರಿ? ಗಣಪಣ್ಣ.

ಭಾಗವತರಿಗೆ ಗೊತ್ತಿದೆಯೇ ಎಂಬುದೊಂದೇ ನನಗೆ ತಿಳಿಯದ್ದು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರಿಗೆ ಪಕ್ಕದ ಮನೆಯಲ್ಲಿ ಕುಳಿತದ್ದು ಗೊತ್ತಾಗದೆ ಇರುತ್ತದೆಯೇ? ಇರಲಾರದು ಎಂಬುದು ಅನುಮಾನ, ಪುರಾವೆಯಲ್ಲ.

ಮೊನ್ನೆ ಹುಲಗೋಳದಲ್ಲಿ ತಾಳಮದ್ದಳೆ. ಭಾಗವತರನ್ನು ಕರೆದೊಯ್ಯಲು ಅವರ ಮನೆಗೆ ಹೋದೆ. ದೇಶ ಸುತ್ತಿ ಬಂದ ಪೆಟ್ಟಿಗೆ ಕಪಾಟಿನ ಮೇಲೆ ಪಂಚೆ ಹೊದ್ದು ಕುಳಿತಿತ್ತು. ತಪ್ಪಿನ ಪ್ರಾಯಶ್ಚಿತ್ತ ಎಂಬಂತೆ ಅದನ್ನು ಇಳಿಸಲು ಕೈಚಾಚಿದೆ.

“ಅದೆಂತಕ್ಕ? ನಿನ್ನ ಫೋನು ಇದ್ದಲ,” ಅಂದರು. ಶಲ್ಯ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ, ತಿರುಗದೆಯೇ ಸೇರಿಸಿದರು: “ಅದಕ್ಕೆ ಹನಿ ತಿಳುವಳಿಕೆ ಇದ್ದು.”

ಹುಲಗೋಳದಲ್ಲಿ ಜನ ಸೇರಿದ್ದರು. ಗಣಪಣ್ಣ ಸುತ್ತಿಗೆ ಹಿಡಿದು ಕಾಯುತ್ತಿದ್ದ. ಭಾಗವತರು ಜಾಗಟೆ ಒರೆಸಿದರು, ಎಲೆಯಡಿಕೆಯ ಕವಳ ಉಗಿದು ಬಂದರು, ಕನ್ನಡಕ ಹಾಕಿಕೊಂಡರು, ಪದ್ಯದ ಪುಸ್ತಕ ಬಿಚ್ಚಿದರು. ಪ್ರತಿಸಲ ನಾನು ಕೇಳುವ ಮೊದಲೇ ಹೇಳುತ್ತಿದ್ದವರು ಈ ಸಲ ಏನೂ ಹೇಳಲಿಲ್ಲ. ಹೆಬ್ಬೆರಳನ್ನು ಫೋನಿನ ಮೇಲಿಟ್ಟುಕೊಂಡು, ಅವರಿಗಷ್ಟೇ ಕೇಳುವಂತೆ ಕೇಳಿದೆ:

“ಭಾಗವತ್ರೇ, ಇವತ್ತು ಯಾವ ಶ್ರುತಿ ಇಡವು?”